ಸ್ಟೀಲ್ ವಾಲ್ವ್‌ಗೆ ಲೋಹ ಮತ್ತು ಟ್ರಿಮ್ ಆಯ್ಕೆ: ಯಾವುದನ್ನು ಮೊದಲು, ಯಾವುದನ್ನು ನಂತರ ತೀರ್ಮಾನಿಸಬೇಕು

ವಾಲ್ವ್ ಹೊಸದು. ಬಾಡಿ ಮೇಲೆ ಡಬ್ಲ್ಯೂಸಿಬಿ (ಕಾರ್ಬನ್ ಸ್ಟೀಲ್‌ನ ಒಂದು ದರ್ಜೆ) ಎಂದು ಎರಕದಲ್ಲೇ ಮೂಡಿದೆ, ಜೊತೆಗೆ ಟೆಸ್ಟ್ ಸರ್ಟಿಫಿಕೇಟೂ ಬಂದಿದೆ. ಆದರೂ ಐದಾರು ತಿಂಗಳಿಗೆ ಮುಚ್ಚಿದ ವಾಲ್ವ್‌ನ ಆಚೆಗೆ ಹಬೆ ಸುಯ್‌ಗುಡುತ್ತದೆ, ಇಲ್ಲವೇ ಹ್ಯಾಂಡ್‌ವೀಲ್ ತಿರುಗದೆ ಕೂರುತ್ತದೆ. ಪೀಣ್ಯದ ಪ್ಲೇಟಿಂಗ್ ಶೆಡ್, ಜಿಗಣಿ–ಬೊಮ್ಮಸಂದ್ರದ ಔಷಧ ಕಾರ್ಖಾನೆ, ಡೈಯಿಂಗ್ ಘಟಕದ ಬಾಯ್ಲರ್ ಮನೆ, ಎಲ್ಲ ಕಡೆಯೂ ಇದೇ ದೂರು. ಬಿಚ್ಚಿ ನೋಡಿದರೆ ಬಾಡಿಗೆ ಏನೂ ಆಗಿರುವುದಿಲ್ಲ. ಹಾಳಾಗಿರುವುದು ಸೀಟು, ಸ್ಟೆಮ್ಮು, ಪ್ಯಾಕಿಂಗು. ಆರ್ಡರ್ ತೆಗೆದು ನೋಡಿ: ಬಾಡಿ ಲೋಹ ಸರಿಯಾಗಿ ಬರೆದಿರುತ್ತದೆ, ಟ್ರಿಮ್ ಜಾಗದಲ್ಲಿ "ಎಸ್‌ಎಸ್" ಅಂತಲೋ "ಸ್ಟ್ಯಾಂಡರ್ಡ್" ಅಂತಲೋ ಇರುತ್ತದೆ.

ಟ್ರಿಮ್ ಎಂದರೆ ವಾಲ್ವ್ ಒಳಗೆ ಕೆಲಸ ಮಾಡುವ ಭಾಗಗಳು: ಹ್ಯಾಂಡ್‌ವೀಲ್‌ನ ಕಡ್ಡಿಯಾದ ಸ್ಟೆಮ್, ಹರಿವನ್ನು ಮುಚ್ಚುವ ವೆಡ್ಜ್ ಅಥವಾ ಡಿಸ್ಕ್‌ನ ಮುಖ, ಅದು ಬಂದು ಕೂರುವ ಬಾಡಿ ಸೀಟ್, ಬ್ಯಾಕ್ ಸೀಟ್, ಒಳಗಿನ ಸಣ್ಣ ಪಿನ್ನುಗಳು. ಇವುಗಳ ಆಯ್ಕೆಗೆ ಒಂದು ಕ್ರಮವಿದೆ. ಆ ಕ್ರಮ ತಪ್ಪಿದಾಗಲೇ ಆಯ್ಕೆಯೂ ತಪ್ಪುತ್ತದೆ.

## ಮೊದಲು ಕೈಗೆ ಬೇಕಾದವು

ವಾಲ್ವ್ ಮಾನದಂಡಗಳಾದ ಎಎಸ್‌ಎಂಇ ಬಿ16.34ರ ಒತ್ತಡ–ಉಷ್ಣತೆ ಕೋಷ್ಟಕ ಮತ್ತು ಎಪಿಐ 600ರ ಟ್ರಿಮ್ ನಂಬರ್ ಪಟ್ಟಿ, ಪೈಪ್‌ಲೈನ್‌ನ ಪ್ರೊಸೆಸ್ ವಿವರ, ನೀರಿನ ಲ್ಯಾಬ್ ವರದಿ. ಮಾಲು ಬಂದಾಗ ಪರೀಕ್ಷಿಸಲು ಪೋರ್ಟಬಲ್ ಹಾರ್ಡ್‌ನೆಸ್ ಟೆಸ್ಟರ್ ಮತ್ತು ಪಿಎಂಐ ಗನ್ (ಲೋಹದಲ್ಲಿ ಏನೇನು ಬೆರೆತಿದೆ ಎಂದು ಸ್ಥಳದಲ್ಲೇ ತೋರಿಸುವ ಉಪಕರಣ) ಬೇಕು. ಪಿಎಂಐ ಗನ್ ಕೊಳ್ಳುವ ಅಗತ್ಯವಿಲ್ಲ, ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನಿಂದ ಆ ದಿನದ ಮಟ್ಟಿಗೆ ಕರೆಸಿಕೊಂಡರೆ ಸಾಕು.

## 1. ಲೈನ್‌ನಲ್ಲಿ ಹರಿಯುವುದನ್ನೆಲ್ಲ ಒಂದು ಹಾಳೆಗೆ ಇಳಿಸಿ

"ಹಬೆ" ಅಥವಾ "ಆಸಿಡ್" ಎಂದು ಬರೆದರೆ ಯಾರೂ ಲೋಹ ಆರಿಸಲಾರರು. ದ್ರವದ ಹೆಸರು, ಸಾಂದ್ರತೆ, ಪಿಎಚ್, ಕ್ಲೋರೈಡ್ ಎಷ್ಟು, ಕೆಸರು ಅಥವಾ ಹರಳು ಇದೆಯೇ, ಕನಿಷ್ಠ–ಸಾಮಾನ್ಯ–ಗರಿಷ್ಠ ಉಷ್ಣತೆ, ವಾಲ್ವ್ ಮುಚ್ಚಿದಾಗ ಎರಡು ಬದಿಯ ಒತ್ತಡದ ವ್ಯತ್ಯಾಸ, ದಿನಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತೀರಿ, ಪೂರ್ತಿ ತೆರೆಯುವ ಕೆಲಸವೋ ಹರಿವು ಹಿಡಿದಿಡುವ ಕೆಲಸವೋ, ಇಷ್ಟೂ ಬೇಕು.

ಹಾಳೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಸಾಲು ಒಂದಿದೆ: ಮಾಮೂಲಿ ಅಲ್ಲದ ಗಂಟೆಗಳು. ವರ್ಷವಿಡೀ ಬರೀ ನೀರು ಹರಿಯುವ ಲೈನಿಗೆ ಮೂರು ತಿಂಗಳಿಗೊಮ್ಮೆ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ಸ್ಕೇಲ್ ತೆಗೆಯುವುದಾದರೆ, 316 ಸ್ಟೇನ್‌ಲೆಸ್ ಟ್ರಿಮ್ ಹಾಳಾಗುವುದು ಆ ಎರಡು ಗಂಟೆಗಳಲ್ಲಿ. ಸಿಐಪಿ ತೊಳೆತ (ಲೈನ್ ಬಿಚ್ಚದೆ ಒಳಗೇ ತೊಳೆಯುವುದು), ಶಟ್‌ಡೌನ್‌ನಲ್ಲಿ ಲೈನ್ ಒಣಗುವುದು, ಸ್ಟಾರ್ಟಪ್‌ನ ತಣ್ಣನೆಯ ಕಂಡೆನ್ಸೇಟ್, ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಪರೀಕ್ಷೆ) ನೀರು, ಎಲ್ಲವನ್ನೂ ಬರೆಯಿರಿ.

## 2. ಬಿಸಿಯಾದಾಗಿನ ಒತ್ತಡ ನೋಡಿ ಕ್ಲಾಸ್ ತೀರ್ಮಾನಿಸಿ

ಕ್ಲಾಸ್ ಎಂದರೆ ವಾಲ್ವ್‌ನ ಒತ್ತಡದ ದರ್ಜೆ. ಕ್ಲಾಸ್ 150 ಡಬ್ಲ್ಯೂಸಿಬಿ ವಾಲ್ವ್ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ 19.6 ಬಾರ್ ತಡೆಯುತ್ತದೆ. ಅದೇ ವಾಲ್ವ್ 200 ಡಿಗ್ರಿಯಲ್ಲಿ ತಡೆಯುವುದು 13.8 ಬಾರ್, 400 ಡಿಗ್ರಿಗೆ ಹೋದರೆ ಬರೀ 6.5 ಬಾರ್. ಕ್ಲಾಸ್ 300 ಆದರೆ ಇವೇ ಅಂಕಿಗಳು 51.1, 43.8 ಮತ್ತು 34.7.

ಎರಡು ಬಾಯ್ಲರ್ ಲೆಕ್ಕ ಹಾಕಿ ನೋಡೋಣ. ಹತ್ತೂವರೆ ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡದ ಪರ್ಯಾಪ್ತ (ಸ್ಯಾಚುರೇಟೆಡ್) ಹಬೆ ಎಂದರೆ ಸುಮಾರು 10.3 ಬಾರ್, ಉಷ್ಣತೆ ಸುಮಾರು 186 ಡಿಗ್ರಿ. ಕ್ಲಾಸ್ 150 ಇಲ್ಲಿ ನಡೆಯುತ್ತದೆ. ಹದಿನೇಳೂವರೆ ಕೆಜಿ ಬಾಯ್ಲರ್ ಎಂದರೆ 17.2 ಬಾರ್, ಸುಮಾರು 208 ಡಿಗ್ರಿ. ಕ್ಯಾಟಲಾಗ್‌ನ ಮೊದಲ ಸಾಲಿನ 19.6 ನೋಡಿ ಕ್ಲಾಸ್ 150 ಸಾಕು ಎಂದುಕೊಳ್ಳುವುದು ಇಲ್ಲಿಯೇ. ಆ ಉಷ್ಣತೆಯಲ್ಲಿ ಅದರ ಮಿತಿ ಹದಿಮೂರೂವರೆ ಬಾರ್ ಅಷ್ಟೇ. ಕ್ಲಾಸ್ 300 ಹಾಕಲೇಬೇಕು.

ಇನ್ನೊಂದು ಗೊಂದಲ ಟೆಸ್ಟ್ ಒತ್ತಡದ್ದು. ಶೆಲ್ ಟೆಸ್ಟ್ ಮಾಡುವುದು ತಣ್ಣಗಿರುವಾಗಿನ ಮಿತಿಯ ಒಂದೂವರೆ ಪಟ್ಟು ಒತ್ತಡದಲ್ಲಿ, ಆದ್ದರಿಂದ ಕ್ಲಾಸ್ 300 ಡಬ್ಲ್ಯೂಸಿಬಿ ಸರ್ಟಿಫಿಕೇಟ್‌ನಲ್ಲಿ 77 ಬಾರ್ ಎಂದಿರುತ್ತದೆ. ಅದು ತಣ್ಣೀರಿನಲ್ಲಿ ಕೆಲವು ನಿಮಿಷಗಳ ಪರೀಕ್ಷೆ. ಅಷ್ಟು ಒತ್ತಡದಲ್ಲಿ ವಾಲ್ವ್ ನಡೆಸಲು ಅದು ಪರವಾನಗಿಯಲ್ಲ.

## 3. ಬಾಡಿ ಲೋಹ

ಇದು ಸುಲಭದ ಭಾಗ. ಡಬ್ಲ್ಯೂಸಿಬಿ ಎರಕದ ಕಾರ್ಬನ್ ಸ್ಟೀಲ್, ಮೈನಸ್ 29ರಿಂದ 425 ಡಿಗ್ರಿವರೆಗೆ. ಅದಕ್ಕೂ ಮೇಲೆ ದೀರ್ಘಕಾಲ ಇಟ್ಟರೆ ಸ್ಟೀಲ್ ಒಳಗಿನ ಕಾರ್ಬೈಡ್ ಒಡೆದು ಗ್ರಾಫೈಟ್ ಆಗಿ ಲೋಹ ಬಲ ಕಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಕ್ರೋಮ್–ಮಾಲಿ ಸ್ಟೀಲ್‌ಗಳಾದ ಡಬ್ಲ್ಯೂಸಿ6, ಡಬ್ಲ್ಯೂಸಿ9. ಎರಡು ಇಂಚಿನೊಳಗಿನ ಸಣ್ಣ ವಾಲ್ವ್‌ಗಳಲ್ಲಿ ಎರಕದ ಬದಲು ಎ105 ಫೋರ್ಜಿಂಗ್ ಸಿಗುತ್ತದೆ, ಎರಕದ ಸಣ್ಣ ರಂಧ್ರಗಳ ಕಾಟ ಅದಕ್ಕಿಲ್ಲ.

ಬೆಂಗಳೂರಿನ ಚಳಿಗೆ ತಣ್ಣನೆಯ ದರ್ಜೆಯ ಸ್ಟೀಲ್ ಬೇಕಿಲ್ಲ. ಆದರೆ ಪ್ರೊಪೇನ್ ವಾತಾವರಣದ ಒತ್ತಡಕ್ಕೆ ಇಳಿದರೆ ಮೈನಸ್ 42 ಡಿಗ್ರಿಗೆ ಹೋಗುತ್ತದೆ, ಡಬ್ಲ್ಯೂಸಿಬಿ ಆ ಚಳಿಗೆ ಗಾಜಿನಂತೆ ಸೀಳಬಹುದು. ಅಲ್ಲಿ ಇಂಪ್ಯಾಕ್ಟ್ ಟೆಸ್ಟ್ ಆದ ಎಲ್‌ಸಿಬಿ ಅಥವಾ ಎಲ್‌ಸಿಸಿ ಹಾಕಿ, ಅವು ಮೈನಸ್ 46ರವರೆಗೆ ನಡೆಯುತ್ತವೆ. ಮೈನಸ್ 196ರ ದ್ರವ ಸಾರಜನಕಕ್ಕೆ ಸಿಎಫ್8 ಅಥವಾ ಸಿಎಫ್8ಎಂ, ಉದ್ದನೆಯ ಬಾನೆಟ್ (ಬಾಡಿಯ ಮೇಲಿನ ಮುಚ್ಚಳ) ಸಹಿತ.

ಸಿಎಫ್8 ಎಂದರೆ 304ರ ಎರಕದ ರೂಪ, ಸಿಎಫ್8ಎಂ ಎಂದರೆ 316ರದು. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ. ವೆಲ್ಡ್ ಮಾಡುವುದಿದ್ದರೆ ಕಡಿಮೆ ಕಾರ್ಬನ್‌ನ ಸಿಎಫ್3ಎಂ ಕೇಳಿ.

"ತುಕ್ಕಾ? 316 ಹಾಕಿಬಿಡಿ" ಎಂಬ ಮಾತು ಎಷ್ಟೋ ಲೈನುಗಳನ್ನು ಹಾಳುಮಾಡಿದೆ. ಕ್ಲೋರೈಡ್ ಇರುವ ನೀರು ಸುಮಾರು 60 ಡಿಗ್ರಿ ದಾಟಿದರೆ 316ರಲ್ಲೂ ಒತ್ತಡದ ಜಾಗದಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ತ್ಯಾಜ್ಯ ನೀರನ್ನು ಕುದಿಸಿ ಇಳಿಸುವ ಎಂಇಇ ಘಟಕಗಳಲ್ಲಿ ಉಪ್ಪೂ ಹೆಚ್ಚು, ಬಿಸಿಯೂ ಹೆಚ್ಚು. ಅಲ್ಲಿ ಡ್ಯುಪ್ಲೆಕ್ಸ್ ಸ್ಟೀಲ್‌ನಿಂದ ಲೆಕ್ಕ ಶುರುಮಾಡಿ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಯಾವ ಮಾಮೂಲಿ ಸ್ಟೇನ್‌ಲೆಸ್ಸೂ ಆಗದು, ಪಿಎಫ್ಎ ಅಥವಾ ಪಿಟಿಎಫ್‌ಇ ಲೈನಿಂಗ್ ಇರುವ ವಾಲ್ವ್ ಬೇಕು. ಸಲ್ಫ್ಯೂರಿಕ್ ಆಮ್ಲದ ರೀತಿ ಬೇರೆ. ಶೇ. 93ಕ್ಕಿಂತ ಗಟ್ಟಿಯಾದ ಆಮ್ಲ ತಣ್ಣಗೆ, ನಿಧಾನವಾಗಿ ಹರಿದರೆ ಕಾರ್ಬನ್ ಸ್ಟೀಲ್ ಮೇಲೆ ಸಲ್ಫೇಟ್ ಪದರ ಕೂತು ಲೋಹ ಉಳಿಯುತ್ತದೆ. ಸೆಕೆಂಡಿಗೆ ಸುಮಾರು ಒಂದು ಮೀಟರ್ ದಾಟಿದರೆ ಆ ಪದರ ಕಿತ್ತು ಹೋಗುತ್ತದೆ. ಅರೆ ತೆರೆದ ವಾಲ್ವ್‌ನ ಸೀಟಿನಲ್ಲಿ ವೇಗ ಅದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಪೈಪ್ ಕಾರ್ಬನ್ ಸ್ಟೀಲ್ ಇದ್ದರೂ ವಾಲ್ವ್ ಟ್ರಿಮ್ ಅಲಾಯ್ 20 (ನಿಕ್ಕಲ್ ಹೆಚ್ಚಿರುವ ಮಿಶ್ರಲೋಹ) ಇರಬೇಕು.

## 4. ಜೀವಕ್ಕೆ ಅಪಾಯವಿರುವ ಲೈನುಗಳನ್ನು ಇಲ್ಲೇ ಬೇರ್ಪಡಿಸಿ

ಟ್ರಿಮ್‌ಗೆ ಹೋಗುವ ಮೊದಲು ಈ ಐದನ್ನು ನೋಡಿ. ಇಲ್ಲಿ ತಪ್ಪಿದರೆ ಸೋರಿಕೆಯಷ್ಟಕ್ಕೇ ನಿಲ್ಲುವುದಿಲ್ಲ.

ಅಮೋನಿಯಾ ಲೈನಿನಲ್ಲಿ ಹಿತ್ತಾಳೆ, ಕಂಚು ಎಲ್ಲೂ ಇರಕೂಡದು, ಸ್ಟೆಮ್ ತಿರುಗುವ ಯೋಕ್ ಬುಷ್‌ನಲ್ಲಿ ಕೂಡ. ಅಮೋನಿಯಾ ತಾಗಿದ ಹಿತ್ತಾಳೆ ಬಿರುಕು ಬಿಡುತ್ತದೆ. ಅಸಿಟಿಲೀನ್‌ಗೆ ತಾಮ್ರ ಸೇರಕೂಡದು, ಸ್ಫೋಟಕವಾದ ಅಸಿಟಿಲೈಡ್ ಆಗುತ್ತದೆ. ಆಮ್ಲಜನಕದ ಲೈನಿನಲ್ಲಿ ಇದು ತಿರುಗುಮುರುಗು: ಒತ್ತಡ ಹೆಚ್ಚಿದ್ದು ಹರಿವು ಜೋರಾಗಿದ್ದರೆ ಸ್ಟೀಲೇ ಹತ್ತಿಕೊಂಡು ಉರಿಯಬಲ್ಲದು, ಟ್ರಿಮ್‌ಗೆ ಮೊನೆಲ್ (ನಿಕ್ಕಲ್–ತಾಮ್ರದ ಮಿಶ್ರಲೋಹ) ಅಥವಾ ಕಂಚು ಬೇಕು, ಎಣ್ಣೆಯ ಒಂದು ಬೆರಳ ಗುರುತೂ ಇರಕೂಡದು. ಒಣ ಕ್ಲೋರಿನ್‌ಗೆ ಟೈಟಾನಿಯಂ ನಿಷಿದ್ಧ, ಅದು ಉರಿಯುತ್ತದೆ. ಒದ್ದೆ ಕ್ಲೋರಿನ್ ಆದರೆ ಕಾರ್ಬನ್ ಸ್ಟೀಲನ್ನೂ ಸ್ಟೇನ್‌ಲೆಸ್ಸನ್ನೂ ತಿನ್ನುತ್ತದೆ.

ಐದನೆಯದು ಹೈಡ್ರೋಜನ್ ಸಲ್ಫೈಡ್. ಅದರ ಆಂಶಿಕ ಒತ್ತಡ 0.3 ಕಿಲೋಪ್ಯಾಸ್ಕಲ್ ಮುಟ್ಟಿ, ಜೊತೆಗೆ ನೀರಿದ್ದರೆ ಗಟ್ಟಿ ಸ್ಟೀಲ್ ಒಳಗಿಂದ ಸೀಳುತ್ತದೆ. ವಾತಾವರಣದ ಒತ್ತಡದ ಬಯೋಗ್ಯಾಸ್‌ನಲ್ಲಿ ಆ ಮಿತಿ ಬರುವುದು ಸುಮಾರು 3,000 ಪಿಪಿಎಂಗೆ. ಅದೇ ಗ್ಯಾಸನ್ನು 10 ಬಾರ್‌ಗೆ ಒತ್ತಿದರೆ 300 ಪಿಪಿಎಂ ಸಾಕು. ಎನ್‌ಎಸಿಇ ಎಂಆರ್0175 ಮಾನದಂಡ ತೈಲ–ಅನಿಲ ಉದ್ಯಮಕ್ಕೆ ಬರೆದದ್ದಾದರೂ ಬಯೋಗ್ಯಾಸ್ ಕಂಪ್ರೆಸರ್ ಲೈನಿಗೂ ಅದನ್ನೇ ಹಿಡಿಯುವುದು ಕ್ಷೇಮ: ಕಾರ್ಬನ್ ಸ್ಟೀಲ್ ಗಡಸುತನ 22 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ) ಒಳಗೆ, ಬೋಲ್ಟ್ ಮಾಮೂಲಿ ದರ್ಜೆಯ ಬಿ7 ಬದಲು ಬಿ7ಎಂ, ನಟ್ 2ಎಚ್ ಬದಲು 2ಎಚ್ಎಂ.

## 5. ಟ್ರಿಮ್: ಒಂದೊಂದೇ ಲೋಹ ನೋಡಬೇಡಿ, ಜೋಡಿ ನೋಡಿ

ಸೀಟಿನ ಮೇಲೆ ವೆಡ್ಜ್ ಉಜ್ಜುತ್ತದೆ. ಹಾಗಾಗಿ "ಯಾವ ಲೋಹ ಒಳ್ಳೆಯದು" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವುದರ ಮೇಲೆ ಯಾವುದು ಉಜ್ಜಿದರೆ ಕಚ್ಚಿಕೊಳ್ಳುವುದಿಲ್ಲ ಎಂದು ಕೇಳಬೇಕು. 316 ಮೇಲೆ 316 ಉಜ್ಜಿದಾಗ ಒತ್ತಡಕ್ಕೆ ಮೇಲಿನ ರಕ್ಷಣಾ ಪದರ ಹರಿದು, ಮೃದುವಾದ ಎರಡು ಬರೀ ಲೋಹಗಳು ತಣ್ಣಗೇ ಬೆಸೆದುಕೊಳ್ಳುತ್ತವೆ. ಬಲವಾಗಿ ತಿರುಗಿಸಿದರೆ ಒಂದರ ಚೂರು ಇನ್ನೊಂದಕ್ಕೆ ಅಂಟಿ ಬರುತ್ತದೆ. ಬಿಚ್ಚಿದ ವೆಡ್ಜ್ ಮುಖದ ಮೇಲೆ ಬೆರಳಾಡಿಸಿ: ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಮೀನಿನ ಹುರುಪೆಯಂತೆ ತಡೆ. ಇದೇ ಕಚ್ಚಿಕೊಂಡ ಗುರುತು.

ಎಪಿಐ 600 ಈ ಜೋಡಿಗಳಿಗೆ ನಂಬರ್ ಕೊಟ್ಟಿದೆ. ನಮ್ಮ ಕಡೆ ಕೆಲಸಕ್ಕೆ ಬರುವವು ಇಷ್ಟು.

ಟ್ರಿಮ್ 1 ಎಂದರೆ ಎರಡೂ ಮುಖ 13 ಕ್ರೋಮ್, ಅಂದರೆ 410 ಸ್ಟೀಲ್. ಗಡಸುತನ ಕನಿಷ್ಠ 250 ಬ್ರಿನೆಲ್ (ಗಡಸುತನದ ಇನ್ನೊಂದು ಅಳತೆ), ಎರಡು ಮುಖಗಳ ನಡುವೆ 50 ಬ್ರಿನೆಲ್ ವ್ಯತ್ಯಾಸ ಇರಬೇಕು. ಎಣ್ಣೆ, ತುಕ್ಕು ತರಿಸದ ನೀರು, ಅಪರೂಪಕ್ಕೆ ತಿರುಗಿಸುವ ವಾಲ್ವ್‌ಗೆ ಸಾಕು. ಆ 50ರ ವ್ಯತ್ಯಾಸವನ್ನು ಯಾರೂ ಅಳೆಯುವುದಿಲ್ಲ, ಇಲ್ಲಿ ಹಾರ್ಡ್‌ನೆಸ್ ಟೆಸ್ಟರ್ ಕೆಲಸಕ್ಕೆ ಬರುತ್ತದೆ.

ಟ್ರಿಮ್ 8ರಲ್ಲಿ ವೆಡ್ಜ್ 13 ಕ್ರೋಮ್, ಬಾಡಿ ಸೀಟ್ ಮೇಲೆ ಸ್ಟೆಲೈಟ್ 6 ಎಂಬ ಗಟ್ಟಿ ಕೋಬಾಲ್ಟ್ ಮಿಶ್ರಲೋಹದ ಪದರ, ಅದು ಕನಿಷ್ಠ 350 ಬ್ರಿನೆಲ್. ಕಾರ್ಖಾನೆಯ ಮಾಮೂಲಿ ಹಬೆ ಲೈನಿಗೆ ನಮ್ಮ ಮೊದಲ ಸಲಹೆ ಇದು. ಟ್ರಿಮ್ 1ಕ್ಕಿಂತ ಹೆಚ್ಚಾಗುವ ಬೆಲೆ ಒಂದು ಸಲದ ಶಟ್‌ಡೌನ್ ತಪ್ಪಿದರೆ ಹುಟ್ಟುತ್ತದೆ. ಟ್ರಿಮ್ 5ರಲ್ಲಿ ಎರಡೂ ಮುಖಕ್ಕೆ ಸ್ಟೆಲೈಟ್. ಸೂಪರ್‌ಹೀಟೆಡ್ ಹಬೆ, ಹೆಚ್ಚಿನ ಒತ್ತಡ, ದಿನಕ್ಕೆ ಹಲವು ಸಲ ತೆರೆದು ಮುಚ್ಚುವ ವಾಲ್ವ್‌ಗೆ ಇದು. 316ರಂತಲ್ಲ, ಸ್ಟೆಲೈಟ್ ಮೇಲೆ ಸ್ಟೆಲೈಟ್ ಉಜ್ಜಿದರೂ ಕಚ್ಚಿಕೊಳ್ಳುವುದು ಕಡಿಮೆ, ಬಿಸಿಯಲ್ಲೂ ಗಡಸುತನ ಉಳಿಸಿಕೊಳ್ಳುತ್ತದೆ.

ಟ್ರಿಮ್ 10 ಎರಡೂ 316. ತುಕ್ಕಿಗೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಮೇಲೆ ಹೇಳಿದಂತೆ ಕಚ್ಚಿಕೊಳ್ಳುತ್ತದೆ. ಪದೇಪದೇ ತಿರುಗಿಸುವ ವಾಲ್ವ್ ಆದರೆ ಟ್ರಿಮ್ 12 ಕೇಳಿ: 316 ಜೊತೆ ಸ್ಟೆಲೈಟ್ ಸೀಟ್. ಮೊನೆಲ್ ಬೇಕಾದರೆ ಟ್ರಿಮ್ 9, ಅಲಾಯ್ 20 ಬೇಕಾದರೆ ಟ್ರಿಮ್ 13.

ಸ್ಟೆಲೈಟ್ ಇದ್ದರೆ ಎಲ್ಲ ಸರಿ ಎಂಬ ನಂಬಿಕೆಯೂ ಬೇಡ. ಬಾಯ್ಲರ್ ಫೀಡ್ ವಾಟರ್‌ಗೆ ಅಮೈನ್ ಅಥವಾ ಹೈಡ್ರಜೀನ್ ಬೆರೆಸುವಲ್ಲಿ, ಜೋರು ಹರಿವಿರುವ ಕಂಟ್ರೋಲ್ ವಾಲ್ವ್‌ನಲ್ಲಿ ಸ್ಟೆಲೈಟ್ 6 ಸವೆಯುತ್ತದೆ. ಅಲ್ಲಿ ಗಟ್ಟಿ ಮಾಡಿದ 440ಸಿ ಸ್ಟೇನ್‌ಲೆಸ್ ಹೆಚ್ಚು ಬಾಳುತ್ತದೆ. ಇನ್ನೊಂದು, ಯಂತ್ರದಲ್ಲಿ ಕೆತ್ತಿ ಮುಗಿಸಿದ ಮೇಲೆ ಸ್ಟೆಲೈಟ್ ಪದರ ಕನಿಷ್ಠ 1.6 ಮಿಲಿಮೀಟರ್ ಉಳಿದಿರಬೇಕು. ಪ್ರತಿ ಶಟ್‌ಡೌನ್‌ನಲ್ಲೂ ಲ್ಯಾಪಿಂಗ್ (ಮುಖವನ್ನು ಸಮವಾಗಿ ಉಜ್ಜುವುದು) ಮಾಡಿಸುವವರು ಆ ಪದರವನ್ನೇ ಉಜ್ಜಿ ಮುಗಿಸುತ್ತಾರೆ, ಆಮೇಲೆ ಕೆಳಗಿನ ಮೆತ್ತನೆಯ ಸ್ಟೀಲ್ ಸೀಟಾಗಿ ಕೂತಿರುತ್ತದೆ.

ಹರಿವು ಹಿಡಿದಿಡುವ ಕೆಲಸಕ್ಕೆ ಗೇಟ್ ವಾಲ್ವ್ ಬಳಸಬೇಡಿ, ಟ್ರಿಮ್ ಯಾವುದೇ ಇರಲಿ. ಗ್ಲೋಬ್ ಅಥವಾ ಕಂಟ್ರೋಲ್ ವಾಲ್ವ್‌ನಲ್ಲೂ ಒತ್ತಡದ ಇಳಿಕೆ ಸುಮಾರು 10 ಬಾರ್ ದಾಟಿದರೆ ಬರಿಯ 316 ಸೀಟ್ ಬಾಳುವುದಿಲ್ಲ, ಗಟ್ಟಿ ಮುಖದ ಟ್ರಿಮ್ ಬೇಕು. 17-4ಪಿಎಚ್ ಎಂಬ ಗಟ್ಟಿ ಸ್ಟೇನ್‌ಲೆಸ್ ಹಾಕುವುದಾದರೆ 300 ಡಿಗ್ರಿಗಿಂತ ಮೇಲೆ ದೀರ್ಘಕಾಲ ಇಡಬೇಡಿ, ಪೆಡಸಾಗುತ್ತದೆ.

ಬೆಂಗಳೂರಿಗೆ ಸೇರಿದ ಒಂದು ಮಾತು. ನಾವು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದ್ದೇವೆ, ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. 98 ಡಿಗ್ರಿಯ ಕಂಡೆನ್ಸೇಟ್ ತೆರೆದ ಟ್ಯಾಂಕಿಗೆ ಬೀಳುವ ಲೈನಿನಲ್ಲಿ, ವಾಲ್ವ್ ದಾಟುತ್ತಲೇ ಒಂದಷ್ಟು ನೀರು ಹಬೆಯಾಗಿ ಸಿಡಿಯುತ್ತದೆ. ಚೆನ್ನೈನಲ್ಲಿ ಅದೇ ನೀರು ನೀರಾಗಿಯೇ ಹೋಗುತ್ತಿತ್ತು. ಅಲ್ಲಿನ ಘಟಕದ ಡ್ರಾಯಿಂಗ್ ತಂದು ಇಲ್ಲಿ ಟ್ರಿಮ್ ಆರಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

## 6. ಪ್ಯಾಕಿಂಗ್, ಗ್ಯಾಸ್ಕೆಟ್, ಬೋಲ್ಟ್

ಬಾಲ್ ವಾಲ್ವ್‌ನ ಪಿಟಿಎಫ್‌ಇ ಸೀಟ್ ಸುಮಾರು 200 ಡಿಗ್ರಿವರೆಗೆ ಮಾತ್ರ, ಅದೂ ಒತ್ತಡ ಕಡಿಮೆ ಇದ್ದಾಗ. ಹದಿನೇಳೂವರೆ ಕೆಜಿ ಹಬೆ ಲೈನಿಗೆ ಅದನ್ನು ಹಾಕಿದರೆ ಸೀಟ್ ಹಿಸುಕಿಕೊಂಡು ಹೊರಬರುತ್ತದೆ. ಹಬೆಗೆ ಗ್ರಾಫೈಟ್ ಪ್ಯಾಕಿಂಗ್, 316 ಪಟ್ಟಿಯ ಸ್ಪೈರಲ್ ವೂಂಡ್ ಗ್ಯಾಸ್ಕೆಟ್.

ಗ್ರಾಫೈಟ್‌ನಲ್ಲಿ ಒಂದು ಬಲೆ ಇದೆ. ಹೈಡ್ರೋಟೆಸ್ಟ್ ಆದ ವಾಲ್ವ್‌ನ ಪ್ಯಾಕಿಂಗ್ ಒದ್ದೆಯಾಗಿಯೇ ಸ್ಟೋರ್‌ನಲ್ಲಿ ಮಳೆಗಾಲ ಕಳೆದರೆ, ಗ್ರಾಫೈಟ್ ಮತ್ತು 13 ಕ್ರೋಮ್ ಸ್ಟೆಮ್ ನಡುವೆ ಸಣ್ಣ ಬ್ಯಾಟರಿಯೇ ಆಗಿ ಸ್ಟೆಮ್ ಮೇಲೆ ಗುಳಿಗಳು ಬೀಳುತ್ತವೆ. ವಾಲ್ವ್ ಒಂದು ದಿನವೂ ಕೆಲಸ ಮಾಡಿರುವುದಿಲ್ಲ, ಆದರೂ ಮೊದಲ ದಿನವೇ ಗ್ಲ್ಯಾಂಡ್ (ಸ್ಟೆಮ್ ಸುತ್ತ ಪ್ಯಾಕಿಂಗ್ ಕೂರುವ ಜಾಗ) ಸೋರುತ್ತದೆ. ತುಕ್ಕು ತಡೆಯುವ ಅಂಶ ಬೆರೆಸಿದ ಗ್ರಾಫೈಟ್ ಕೇಳಿ, ಟೆಸ್ಟ್ ಆದ ಮೇಲೆ ಒಣಗಿಸಿ ಕಳಿಸಲು ಹೇಳಿ.

ಬೋಲ್ಟ್‌ಗೆ ಎ193 ಬಿ7, ನಟ್‌ಗೆ ಎ194 2ಎಚ್ ಸಾಮಾನ್ಯ ಆಯ್ಕೆ. ಮೈನಸ್ 46ರ ವಾಲ್ವ್‌ಗೆ ಎಲ್7.

## 7. ಆರ್ಡರ್‌ನ ಸಾಲು

"ಡಬ್ಲ್ಯೂಸಿಬಿ ಬಾಡಿ, ಎಸ್‌ಎಸ್ ವರ್ಕಿಂಗ್" ಎಂದು ಬರೆದರೆ 410 ಬಂದರೂ, 304 ಬಂದರೂ, 316 ಬಂದರೂ ನೀವು ತಕರಾರು ಮಾಡುವಂತಿಲ್ಲ. ಮೂರೂ ಸ್ಟೇನ್‌ಲೆಸ್ ಸ್ಟೀಲೇ. ಹದಿನೇಳೂವರೆ ಕೆಜಿ ಹಬೆಗೆ ಸಾಲು ಹೀಗಿರಲಿ:

"ಗೇಟ್ ವಾಲ್ವ್, 80 ಎಂಎಂ, ಕ್ಲಾಸ್ 300, ಎಪಿಐ 600. ಬಾಡಿ, ಬಾನೆಟ್ ಎಎಸ್‌ಟಿಎಂ ಎ216 ಡಬ್ಲ್ಯೂಸಿಬಿ, ಕಾರ್ಬನ್ ಗರಿಷ್ಠ ಶೇ. 0.25. ಟ್ರಿಮ್ 8. ಗ್ಯಾಸ್ಕೆಟ್ 316–ಗ್ರಾಫೈಟ್ ಸ್ಪೈರಲ್ ವೂಂಡ್. ಪ್ಯಾಕಿಂಗ್ ಗ್ರಾಫೈಟ್, ತುಕ್ಕು ತಡೆಯುವ ಅಂಶ ಸಹಿತ. ಬೋಲ್ಟ್ ಬಿ7, ನಟ್ 2ಎಚ್. ಟೆಸ್ಟ್ ಎಪಿಐ 598. ಸರ್ಟಿಫಿಕೇಟ್ ಇಎನ್ 10204ರ 3.1, ಬಾಡಿ ಮತ್ತು ಟ್ರಿಮ್ ಎರಡಕ್ಕೂ. ಐಬಿಆರ್ ಫಾರಂ 3-ಸಿ."

ಕೊನೆಯ ಎರಡನ್ನು ಮರೆಯಬೇಡಿ. ಲೋಹದ ಪರೀಕ್ಷಾ ಫಲಿತಾಂಶವಿರುವ 3.1 ಸರ್ಟಿಫಿಕೇಟ್ ಬಾಡಿಗೆ ಮಾತ್ರ ಕೊಟ್ಟು ಟ್ರಿಮ್‌ಗೆ ಕೊಡದಿರುವುದು ಮಾಮೂಲಿ. ಹಬೆ 3.5 ಕೆಜಿ ಒತ್ತಡ ದಾಟಿದ ಲೈನ್ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ವ್ಯಾಪ್ತಿಗೆ ಬರುತ್ತದೆ. ವಾಲ್ವ್ ಕೂರಿಸಿದ ಮೇಲೆ ಫಾರಂಗಾಗಿ ಓಡಾಡಿ ಪ್ರಯೋಜನವಿಲ್ಲ.

## 8. ಮಾಲು ಬಂದ ದಿನ

ಬಾಡಿ ಮೇಲಿನ ಹೀಟ್ ನಂಬರ್ (ಲೋಹ ಕರಗಿಸಿದ ತಂಡದ ಗುರುತು), ಸರ್ಟಿಫಿಕೇಟ್‌ನ ಹೀಟ್ ನಂಬರ್ ಒಂದೇ ಇದೆಯೇ ನೋಡಿ. ಬಾನೆಟ್‌ಗೆ ಬೇರೆ ನಂಬರ್ ಇರುತ್ತದೆ, ಅದರ ಸರ್ಟಿಫಿಕೇಟೂ ಬೇಕು. ಹೆಸರಿನ ತಗಡಿನ ಮೇಲೆ ಟ್ರಿಮ್ ವಿವರ ಕೆತ್ತಿರಬೇಕು.

ಅಯಸ್ಕಾಂತ ಹಿಡಿದು 316 ಹೌದೋ ಅಲ್ಲವೋ ಎಂದು ತೀರ್ಪು ಕೊಡುವ ಅಭ್ಯಾಸ ಬಿಡಿ. ಸಿಎಫ್8ಎಂ ಎರಕದಲ್ಲಿ ಒಂದಿಷ್ಟು ಫೆರೈಟ್ ಇರುವುದೇ ಸರಿ, ಹಾಗಾಗಿ ಅಸಲಿ ಮಾಲಿಗೂ ಅಯಸ್ಕಾಂತ ಸ್ವಲ್ಪ ಅಂಟುತ್ತದೆ. ಮ್ಯಾಂಗನೀಸ್ ತುಂಬಿದ ಅಗ್ಗದ 200 ಸರಣಿಯ ಸ್ಟೀಲ್‌ಗೆ ಅಂಟುವುದೇ ಇಲ್ಲ. ಅಂದರೆ ಈ ಪರೀಕ್ಷೆಯಲ್ಲಿ ಒಳ್ಳೆಯದು ಫೇಲಾಗಿ ಕೆಟ್ಟದ್ದು ಪಾಸಾಗಬಹುದು. ಪಿಎಂಐ ಗನ್ ಮಾಲಿಬ್ಡಿನಂ ತೋರಿಸುತ್ತದೆ, 304–316 ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಆದರೆ ಎಕ್ಸ್‌ರೇ ಮಾದರಿಯ ಗನ್ ಕಾರ್ಬನ್ ಅಳೆಯಲಾರದು. ಸಿಎಫ್3ಎಂ ಹೌದೇ ಎಂದು ತಿಳಿಯಲು ಲ್ಯಾಬ್‌ನ ಸ್ಪೆಕ್ಟ್ರೋ ಪರೀಕ್ಷೆಯೇ ಬೇಕು.

ಸ್ಟೇನ್‌ಲೆಸ್ ವಾಲ್ವ್‌ಗೆ ಮರುಪರೀಕ್ಷೆ ಮಾಡುವುದಿದ್ದರೆ ಬೋರ್‌ವೆಲ್ ನೀರು ಬಿಡಬೇಡಿ. ಕ್ಲೋರೈಡ್ 50 ಪಿಪಿಎಂ ಒಳಗಿರಲಿ. ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ಲೀಟರಿಗೆ 250 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಕುಡಿಯಲು ಯೋಗ್ಯವಾದ ನೀರೂ ಇಲ್ಲಿ ಯೋಗ್ಯವಲ್ಲ. ಆರ್‌ಒ ಅಥವಾ ಡಿಎಂ ನೀರು ತುಂಬಿ, ಟೆಸ್ಟ್ ಆದ ಕೂಡಲೇ ಗಾಳಿ ಊದಿ ಒಣಗಿಸಿ.

## 9. ಕೂರಿಸಿದ ಮೇಲೆ ಕಾಣುವ ಮುನ್ಸೂಚನೆಗಳು

ಸೀಟಿನ ಅಡ್ಡಕ್ಕೆ ಉಗುರಿನಲ್ಲಿ ಗೀರಿದಂತೆ ಹೊಳೆಯುವ ಸಣ್ಣ ಕಾಲುವೆ ಕಂಡರೆ ಅದು ಹಬೆ ಕೊರೆದ ಗುರುತು. ಪೂರ್ತಿ ಮುಚ್ಚದ ವಾಲ್ವ್‌ನ ಕಿರಿದಾದ ಸಂದಿನಲ್ಲಿ ಒದ್ದೆ ಹಬೆ ನುಗ್ಗಿದಾಗ ಆಗುತ್ತದೆ. ಸೀಟ್ ಗಟ್ಟಿ ಮಾಡಿ, ಜೊತೆಗೆ ಲೈನಿನ ಸ್ಟೀಮ್ ಟ್ರ್ಯಾಪ್ ಕೆಲಸ ಮಾಡುತ್ತಿದೆಯೇ ನೋಡಿ.

ಡಿಸ್ಕ್ ಮುಖ ಜೇನುಗೂಡಿನಂತೆ ಒರಟಾಗಿ ತೂತು ಬಿದ್ದಿದ್ದು, ನಡೆಯುವಾಗ ಪೈಪಿನೊಳಗೆ ಜಲ್ಲಿಕಲ್ಲು ಉರುಳಿದ ಸದ್ದು ಬರುತ್ತಿದ್ದರೆ ಅದು ಕ್ಯಾವಿಟೇಶನ್, ಅಂದರೆ ದ್ರವದಲ್ಲಿ ಹುಟ್ಟಿದ ಹಬೆಗುಳ್ಳೆಗಳು ಒಡೆದು ಲೋಹ ಕೊರೆಯುವುದು. ಇದಕ್ಕೆ ಗಟ್ಟಿ ಲೋಹ ಹಾಕಿದರೆ ಒಂದಷ್ಟು ತಿಂಗಳು ಹೆಚ್ಚು ಬಾಳುತ್ತದೆ, ಅಷ್ಟೇ. ಒತ್ತಡವನ್ನು ಹಂತಹಂತವಾಗಿ ಇಳಿಸುವ ಟ್ರಿಮ್ ಬೇಕು.

ಮುಚ್ಚಲು ವಾರದಿಂದ ವಾರಕ್ಕೆ ಹೆಚ್ಚು ಬಲ ಬೇಕಾಗುತ್ತಿದ್ದರೆ ಸ್ಪಾನರ್‌ಗೆ ಪೈಪ್ ಸಿಕ್ಕಿಸಿ ಎಳೆಯಬೇಡಿ. ಮುಖಗಳು ಕಚ್ಚಿಕೊಳ್ಳಲು ಶುರುವಾಗಿವೆ. ಲೈನ್ ನಿಲ್ಲಿಸಿ, ಒತ್ತಡ ಪೂರ್ತಿ ಇಳಿಸಿ ಬಿಚ್ಚಿದರೆ ಈಗಿನ್ನೂ ಲ್ಯಾಪಿಂಗ್‌ನಲ್ಲಿ ಮುಗಿಯುತ್ತದೆ. ಎಳೆದರೆ ಸ್ಟೆಮ್ ತುಂಡಾಗಿ, ವೆಡ್ಜ್ ಒಳಗೇ ಉಳಿದು, ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಹೊರಗೆ ನಿಂತವರಿಗೆ ತಿಳಿಯದಂತಾಗುತ್ತದೆ.